ಅಮ್ಮನ ಮೂಗು ಬಿಟ್ಟ ದಿನ

ನೆಂಟರೆಲ್ಲ ಹೊರಟುಹೋದ ಮರುದಿನ, ಇನ್ನೂ ಬೆಳಕು ಹರಿಯುವ ಮೊದಲೇ, ಮೇಜಿನ ಡ್ರಾಯರಿನೊಳಗೆ ಸತ್ತವನ ಫೋನು ಹೊಡೆದುಕೊಂಡಿತು.

ಸೊಸೆ ಎದ್ದು ಕೂತಳು. ಯಾರದೋ ಕರೆಯಲ್ಲ, ಅಲಾರಂ. ಏಳುವುದಕ್ಕೆಂದು ಇಟ್ಟದ್ದಂತೂ ಅಲ್ಲ. ಅವಳ ಗಂಡ ಏಳುತ್ತಿದ್ದದ್ದು ಇದಕ್ಕಿಂತ ಎಷ್ಟೋ ಮುಂಚೆ, ಅದೂ ಯಾರ ಹಂಗಿಲ್ಲದೆ. ಈ ಹೊತ್ತಿಗೆ ಅವನು ಹಿಂದಿನ ಒಲೆಮನೆಯಲ್ಲಿ ಅಮ್ಮನ ಜೊತೆ ಮೊದಲ ಸರದಿಯ ಬ್ರೆಡ್ಡು ಬೇಯಿಸುತ್ತ ಇರುತ್ತಿದ್ದ. ಆಮೇಲೆ ಅದನ್ನು ಸ್ಕೂಟರಿನ ಹಿಂದೆ ಪೇರಿಸಿಕೊಂಡು ಹೋಟೆಲುಗಳಿಗೆ ಹೊರಡುತ್ತಿದ್ದ. ಹಾಗೆ ಹೊರಟ ಒಂದು ಬೆಳಿಗ್ಗೆಯೇ ತಿರುವಿನಲ್ಲಿ ಲಾರಿಯೊಂದು ಹಿಂದೆ ನೋಡದೆ ರಿವರ್ಸ್ ಬಂದಿತ್ತು.

ಅವಳು ಅಲಾರಂ ಆರಿಸಿ, ಫೋನನ್ನು ಮತ್ತೆ ಡ್ರಾಯರಿಗೆ ಹಾಕಿದಳು. ತಲೆ ದಿಂಬಿಗೆ ತಾಗುವಷ್ಟರಲ್ಲಿ ಕರಕಲು ವಾಸನೆ ಬಂತು.

ಮನೆಯೆಂದರೆ ಬೀದಿಗೆ ಅಂಗಡಿ, ನಡುವೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಲೆಮನೆ. ಅವಳು ಬರಿಗಾಲಲ್ಲೇ ಓಡಿದಳು. ಅತ್ತೆ ಒಲೆಯ ಎದುರಿಗೇ ನಿಂತಿದ್ದರು. ಕಬ್ಬಿಣದ ಬಾಗಿಲ ಸಂದಿಯಿಂದ ಹೊಗೆ ಎಳೆಎಳೆಯಾಗಿ ಹೊರಡುತ್ತಿತ್ತು. ಅತ್ತೆ ಅದನ್ನು ನೋಡಿದ ಮೇಲಷ್ಟೇ ಗಾಬರಿಯಾಗಿ ಬಾಗಿಲು ಎಳೆದರು. ಒಳಗಿನ ಬ್ರೆಡ್ಡು ಇದ್ದಿಲಾಗಿತ್ತು.

ಮಾವ ಬಂದು ನೋಡಿದರು. ಬೇರೆ ದಿನವಾಗಿದ್ದರೆ ಆ ಮನೆಯ ಹೆಂಚು ಹಾರಿಹೋಗುವಂತೆ ಕೂಗಾಡುತ್ತಿದ್ದವರು ಹೆಂಡತಿಯ ಕೈಯಿಂದ ಮೆಲ್ಲಗೆ ಮಸಿಬಟ್ಟೆ ಬಿಡಿಸಿಕೊಂಡರು. ಮಗನನ್ನು ಕಳೆದುಕೊಂಡವಳು ಬ್ರೆಡ್ಡು ನೋಡುತ್ತಾಳೆಯೇ ಎಂದು ಸೊಸೆಯ ಕಡೆ ತಿರುಗಿ, ಅವಳೇನೋ ತಪ್ಪು ಹೇಳಿದ ಹಾಗೆ, ಗದರಿದ ದನಿಯಲ್ಲಿ ಹೇಳಿದರು. ಸೊಸೆ ಏನೂ ಹೇಳಿರಲಿಲ್ಲ. ಗಂಡ ಸತ್ತ ದಿನದಿಂದ ಅವಳು ಹೆಚ್ಚು ಮಾತೂ ಆಡಿರಲಿಲ್ಲ, ಅತ್ತೂ ಇರಲಿಲ್ಲ. ಟ್ರೇಗಳನ್ನು ಒಂದೊಂದಾಗಿ ಹಿತ್ತಲಿಗೆ ಒಯ್ದು ಕೆರೆಯತೊಡಗಿದಳು.

ಆ ಒಲೆಮನೆಯಲ್ಲಿ ಗಡಿಯಾರ ಇರಲಿಲ್ಲ. ಸೊಸೆ ಬಂದಾಗಿನಿಂದ ಕಂಡಿರಲಿಲ್ಲ. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಒಲೆಗೆ ಬೆನ್ನು ಹಾಕಿ ಹಿಟ್ಟು ನಾದುತ್ತಲೇ "ಸಾಕು" ಎಂದಿದ್ದರಂತೆ. ಅವರ ಮಾವ ಬಾಗಿಲು ತೆಗೆದು ನೋಡಿದರೆ ಬ್ರೆಡ್ಡು ಜೇನಿನ ಬಣ್ಣಕ್ಕೆ ತಿರುಗಿತ್ತಂತೆ. ಅಂದು ಗೋಡೆಯಿಂದ ಇಳಿದ ಗಡಿಯಾರ ಮತ್ತೆ ಏರಲಿಲ್ಲ. ಬೀದಿಯವರಿಗೆ ಅತ್ತೆ ಮೂಗಿನಮ್ಮ, ಅಂಗಡಿ ಮೂಗಿನಮ್ಮನ ಬೇಕರಿ. ಬೇರೆ ಬೇಕರಿಯವರು ಯಂತ್ರ ತಂದಾಗಲೆಲ್ಲ ಮಾವ ಮೀಸೆ ಸವರಿಕೊಂಡು, ನಮ್ಮ ಯಂತ್ರಕ್ಕೆ ಕರೆಂಟು ಬೇಡ, ದಿನಕ್ಕೆರಡು ಲೋಟ ಚಹಾ ಸಾಕು ಎನ್ನುತ್ತಿದ್ದರು.

ಆ ವಾರ ಮನೆಯಲ್ಲಿ ಎಲ್ಲರ ಮೂಗೂ ಕಟ್ಟಿತ್ತು. ಅಳುವ ಮನೆಯಲ್ಲಿ ಅದೇನು ವಿಶೇಷ. ಮಾವ ಗೊರಗೊರ ಎನ್ನುತ್ತಿದ್ದರು. ಎರಡು ಬೀದಿ ಆಚೆ ಸಂಸಾರ ಮಾಡಿಕೊಂಡಿದ್ದ ಗಂಡನ ಅಕ್ಕ, ಮನೆಯಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುವವಳು, ದಿನಾ ಬಂದು ಅತ್ತು ಕೆಂಪು ಮೂಗಿನಲ್ಲೇ ವಾಪಸಾಗುತ್ತಿದ್ದಳು. ಸೊಸೆಯ ಮೂಗು ಮಾತ್ರ ಸಲೀಸಾಗಿತ್ತು. ಬಂದವರು ಅದನ್ನೂ ಗಮನಿಸಿದರು. ಓದಿದವರ ಎದೆ ಕಲ್ಲು ಎಂದು ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟಿದರು. ಅವಳು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಒಳ್ಳೆಯ ಅಂಕ ತೆಗೆದು, ಬ್ರೆಡ್ಡಿನ ಗಲ್ಲಾದ ಹಿಂದೆ ಕೂತವಳು. ಮಾವ ಕೀಟಲೆಗೆ ಪ್ರೊಫೆಸರಮ್ಮ ಎಂದು ಕರೆಯುತ್ತಿದ್ದರು. ಈಗ ಯಾರೂ ಹಾಗೆ ಕರೆಯುತ್ತಿರಲಿಲ್ಲ.

ವಾರಗಳು ಉರುಳಿದವು. ಮಾವನ ಮೂಗು ಬಿಟ್ಟಿತು. ದೊಡ್ಡಕ್ಕನ ಮೂಗು ಬಿಟ್ಟಿತು. ಅತ್ತೆಯದು ಬಿಡಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಎಲ್ಲರಿಗೂ ಚಹಾ ಕೊಟ್ಟರು. ಮಾವ ಒಂದು ಗುಟುಕು ಕುಡಿದವರೇ ಮೋರಿಗೆ ಉಗಿದರು. ಹಾಲು ಹಳಸಿತ್ತು. ಪಾತ್ರೆಯ ಹತ್ತಿರ ಹೋದರೆ ಹುಳಿ ವಾಸನೆ. ಅತ್ತೆ ಮಾತ್ರ ತಮ್ಮ ಲೋಟ ತಳಕಾಣುವವರೆಗೆ ಕುಡಿದು ಕೆಳಗಿಟ್ಟಿದ್ದರು. ಅವಳಿಗೆ ಪ್ರಪಂಚದ ಮೇಲೇ ಗಮನವಿಲ್ಲ ಪಾಪ ಎಂದು ಮಾವ ಕಣ್ಣೊರೆಸಿಕೊಂಡರು. ಸೊಸೆ ಖಾಲಿ ಲೋಟವನ್ನು ಎತ್ತಿ ಮೂಸಿ ನೋಡಿದಳು. ಅದರ ವಾಸನೆ ಎಂಥವರ ಗಮನವನ್ನೂ ಸೆಳೆಯುವಂತಿತ್ತು.

ಬ್ರೆಡ್ಡು ದಿನ ಬಿಟ್ಟು ದಿನ ಹೊತ್ತುತ್ತಿತ್ತು, ಇಲ್ಲವೇ ಹಸಿಯಾಗಿ ಉಳಿಯುತ್ತಿತ್ತು. ಗಿರಾಕಿಗಳು ಹಸಿ ಬ್ರೆಡ್ಡನ್ನೂ ಕೊಂಡು, ಅಮ್ಮ ಹೇಗಿದ್ದಾರೆ ಎಂದು ಕೇಳಿ ಹೋಗುತ್ತಿದ್ದರು. ಅತ್ತೆಯ ಮೈಯಲ್ಲಿ ಏನು ಕಾಣಿಸಿಕೊಂಡರೂ ಅದಕ್ಕೊಂದು ಕಾರಣ ಮೊದಲೇ ಸಿದ್ಧವಾಗಿರುತ್ತಿತ್ತು. ಮೂಗು ಕಟ್ಟಿದ್ದಕ್ಕೆ ಅಳು, ಜೊತೆಗೆ ಒಂದು ಆಯುಷ್ಯದ ಮೈದಾ ಧೂಳು. ಕಣ್ಣು ಕೆಂಡದಂತಾದದ್ದಕ್ಕೂ ಅಳುವೇ. ಕರೆದರೆ ಓಗೊಡದಿದ್ದರೆ ಮಗನ ಧ್ಯಾನ. ಮಾವ ಎಡಗಿವಿಯ ಕಡೆಯಿಂದ ಎಷ್ಟು ಕೂಗಿದರೂ ಅವರು ತಿರುಗುತ್ತಿರಲಿಲ್ಲ, ಬಲಗಡೆಗೆ ಬಂದು ಕರೆದರೆ ತಿರುಗುತ್ತಿದ್ದರು. ಇದನ್ನು ಸೊಸೆ ಕಂಡಳು. ಧ್ಯಾನಕ್ಕೆ ಎಡ ಬಲ ಇರುತ್ತದೆಯೇ ಎಂದುಕೊಂಡಳು.

ದೊಡ್ಡಕ್ಕ ದಿನಾ ಸಂಜೆ ಬಂದು ಅಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಇವತ್ತು ಮಂಡಿಯಾದರೆ ನಾಳೆ ಮಣಿಕಟ್ಟು, ನಾಡಿದ್ದು ಭುಜ.

"ದುಃಖ ಮೈಯಲ್ಲೆಲ್ಲ ಓಡಾಡ್ತಾ ಇದೆ ನೋಡು" ಎಂದು ಅವಳು ಸೊಸೆಗೆ ಕೇಳುವಂತೆ ಹೇಳಿದಳು. "ಕೆಲವರಿಗೆ ಅದು ಹತ್ತಿರಾನೂ ಸುಳಿಯಲ್ಲ."

ಬಟ್ಟೆ ಒಗೆಯುವ ಕೆಲಸ ಸೊಸೆಯದು. ಅತ್ತೆಯ ಕರವಸ್ತ್ರಗಳಲ್ಲಿ ರಕ್ತ ಮೆತ್ತಿದ ಹಕ್ಕಳೆಗಳು ಸಿಗುತ್ತಿದ್ದವು. ದಿಂಬಿನ ಹೊದಿಕೆ ಪ್ರತಿ ಬೆಳಿಗ್ಗೆ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಒಣಗಿದ ರವಿಕೆಯನ್ನು ಮಡಿಸುವಾಗ ಒಳಗೆ ಹಾಕಿದ ಹೊಸ ಹೊಲಿಗೆ ಕಂಡಿತು, ಅದರ ಪಕ್ಕದಲ್ಲಿ ಇನ್ನೊಂದು ಹೊಲಿಗೆ. ಅತ್ತೆ ಇಳಿದುಹೋಗುತ್ತಿದ್ದರು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು.

ಬೀದಿ ಕೊನೆಯ ಡಾಕ್ಟರು ಬೇಕರಿಯ ಹಳೇ ಗಿರಾಕಿ. ಮನೆಗೇ ಬಂದು, ಹಣೆ, ಕೆನ್ನೆ ಒತ್ತಿ ನೋಡಿ, ಸೈನಸ್ಸು ಎಂದರು. ಮಾತ್ರೆ ಬರೆದರು. ಒಂದಿಷ್ಟು ಇಳಿದ ಹಾಗಾಗಿ ಮತ್ತೆ ಏರಿತು. ಬೇರೆ ಮಾತ್ರೆ ಬರೆದರು. ಮೂರನೆಯ ಸಲ ಅವರು ಮಾವನ ಭುಜ ತಟ್ಟಿ, ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ, ಕಾಲವೇ ವಾಸಿ ಮಾಡಬೇಕು ಎಂದುಬಿಟ್ಟರು. ಒಳ್ಳೆಯ ಮನುಷ್ಯ. ಅವರ ಮಾತು ಕೇಳಿ ಎಲ್ಲರಿಗೂ ಸಮಾಧಾನವಾಯಿತು. ಮಂಡಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ, ಅದು ದೊಡ್ಡಕ್ಕನ ಎಣ್ಣೆಯ ವಿಚಾರ. ಕಿವಿಯ ಮಾತು ಹೇಳಿರಲಿಲ್ಲ, ಅದು ಗಂಡ ಹೆಂಡಿರ ನಡುವಿನದು. ಕರವಸ್ತ್ರದ ಮಾತು ಹೇಳಿರಲಿಲ್ಲ, ಅದು ಒಗೆಯುವ ಕಲ್ಲಿನದು.

ಹಾಡಿನ ಮೇಷ್ಟ್ರು ಬಂದದ್ದು ಆಮೇಲೆ.

ಹಿಂದಿನ ಗಲ್ಲಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ಸಣಕಲು ಮುದುಕರು ಅವರು. ಕೆಲವು ದಿನಗಳಿಂದ ಗಲ್ಲಾದ ಮುಂದೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು, ಒಂದು ಬನ್ನು ಕೊಂಡು ಹೋಗುತ್ತಿದ್ದರು. ಅವರಿಗೆ ಬನ್ನಿನ ಮೇಲೆ ಅಂಥ ಪ್ರೀತಿಯೇನೂ ಇಲ್ಲವೆಂಬುದು ಸೊಸೆಗೆ ಗೊತ್ತಿತ್ತು. ಆವತ್ತು ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕೇಳೋಕೆ ನಾಲಿಗೆ ಬರ್ತಾ ಇಲ್ಲಮ್ಮ" ಎಂದರು. "ಇಂಥ ಹೊತ್ತಲ್ಲಿ ಕೇಳ್ತಾನಲ್ಲ ಈ ಮುದುಕ ಅಂತ ಬೈಕೋಬೇಡ. ನನ್ನ ಹಬೆ ಡಬ್ಬಿ ನಿಮ್ಮನೇಲಿದೆ."

ಅವಳಿಗೆ ಅರ್ಥವಾಗಲಿಲ್ಲ. ಅವರು ಕೈಯಲ್ಲಿ ಆಕಾರ ತೋರಿಸಿದರು. ನೀರು ಹಾಕಿ ಸ್ವಿಚ್ಚು ಒತ್ತಿದರೆ ಹಬೆ ಬರುವಂಥದ್ದು, ಬಿಳೀದು, ಮೇಲೆ ಮೂತಿ ಇಡುವ ಬಟ್ಟಲು. ಗಂಟಲಿಗೆಂದು ಇಟ್ಟುಕೊಂಡದ್ದು. ನಿನ್ನ ಯಜಮಾನ ಎರವಲು ಒಯ್ದಿದ್ದ, ಅಮ್ಮನಿಗೆ ಮೂಗು ಕಟ್ಟಿದೆ ಅಂತ. ಮನೆಯಲ್ಲಿ ಯಾರಿಗೂ ಹೇಳಬೇಡಿ ಮೇಷ್ಟ್ರೇ ಅಂದಿದ್ದ.

ಸೊಸೆ ಕೂತಲ್ಲಿಂದ ಎದ್ದಳು. "ಯಾವಾಗ?"

"ನನ್ನ ಶಿಷ್ಯರ ಕಾರ್ಯಕ್ರಮ ಆಯ್ತಲ್ಲ, ಅದರ ಮಾರನೇ ದಿನ."

ಆ ಕಾರ್ಯಕ್ರಮದ ಚೀಟಿಯನ್ನು ಅಂಗಡಿಯ ಗಾಜಿಗೆ ಅಂಟಿಸಿದವಳು ಅವಳೇ. ಬೆರಳು ಸೆಟೆದುಕೊಳ್ಳುವ ಚಳಿ ಇತ್ತು. ಮಕ್ಕಳೆಲ್ಲ ಸ್ವೆಟರ್ ಹಾಕಿಕೊಂಡೇ ಹಾಡಿದ್ದರು. ಗಂಡ ಸತ್ತದ್ದು ಚಳಿಯೆಲ್ಲ ಕಳೆದು, ಫ್ಯಾನು ತಿರುಗಿಸಲು ಶುರುಮಾಡಿದ ಮೇಲೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕೂಡಿಸಿ ನೋಡುವುದು ಅವಳು ಓದಿದ ವಿದ್ಯೆ. ಇಷ್ಟು ದಿನ ಮಂಜುಗಟ್ಟಿದ್ದ ತಲೆಯೊಳಗೆ ಏನೋ ಒಂದು ಸರಿದು ತನ್ನ ಜಾಗಕ್ಕೆ ಬಂದು ಕೂತಿತು.

"ಯಾವಾಗ ವಾಪಸು ಕೊಡ್ತೀನಿ ಅಂದಿದ್ರು?"

"ಅಮ್ಮನ ಮೂಗು ಬಿಟ್ಟ ದಿನ ತಂದುಕೊಡ್ತೀನಿ ಅಂದಿದ್ದ."

"ಬಿಟ್ಟಿಲ್ಲ ಮೇಷ್ಟ್ರೇ" ಎಂದಳು. "ಬಿಟ್ಟ ದಿನ ತಂದುಕೊಡ್ತೀನಿ."

ಮೇಷ್ಟ್ರು ಇನ್ನೊಂದು ಬನ್ನು ಕೊಂಡು ಹೋದರು.

ಡಬ್ಬಿ ಒಲೆಮನೆಯಲ್ಲಿ, ಮೈದಾ ಪೀಪಾಯಿಯ ಹಿಂದೆ ಗೋಣಿತಾಟಿನಲ್ಲಿ ಸುತ್ತಿಟ್ಟಿತ್ತು. ತಳದಲ್ಲಿ ನೀರು ಆರಿ ಬಿಳಿ ಕರೆ ಕಟ್ಟಿತ್ತು. ಎಷ್ಟೋ ಸಲ ಬಳಸಿದ್ದು. ಅದನ್ನು ಇದ್ದಲ್ಲೇ ಇಟ್ಟಳು.

ಮಾರನೆಯ ಬೆಳಗಿನ ಜಾವ ಅವಳು ಫೋನು ಹಿಡಿದುಕೊಂಡು ಒಲೆಮನೆಗೆ ಹೋದಳು. ಅತ್ತೆ ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಇಬ್ಬರೂ ಸೇರಿ ಟ್ರೇಗಳನ್ನು ಒಳಗೆ ತಳ್ಳಿದರು. ಅತ್ತೆ ಒಲೆಗೆ ಬೆನ್ನು ಮಾಡಿ ನಿಂತರು, ಎಂದಿನಂತೆ. ಆಮೇಲೆ ಬಾಗಿಲ ಸಂದಿಯಲ್ಲಿ ಇಣುಕಿದರು. ಮತ್ತೆ ಇಣುಕಿದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸೊಸೆ ಬಾಗಿಲು ತೆರೆದು, ಉದ್ದ ಹಿಡಿಯ ಹಲಗೆಯಿಂದ ಟ್ರೇ ಎಳೆದಳು. ಬ್ರೆಡ್ಡು ಜೇನಿನ ಬಣ್ಣಕ್ಕಿತ್ತು.

ಅತ್ತೆ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತರು.

ಕೇಳುವ ಅಗತ್ಯವೇ ಬೀಳಲಿಲ್ಲ. ತಾವಾಗಿಯೇ ಹೇಳಿದರು, ಕೆಂಡದ ಕಡೆ ಮುಖ ಮಾಡಿಕೊಂಡು. ಚಳಿಗಾಲದಲ್ಲೇ ವಾಸನೆ ಹೋಯಿತು. ಮೂಗಿನಮ್ಮನ ಮೂಗು ಹೋಯಿತಂತೆ ಎಂದು ಬೀದಿಯೆಲ್ಲ ನಗಬಾರದಲ್ಲ. ಅವನಿಗೊಬ್ಬನಿಗೇ ಗೊತ್ತಿದ್ದದ್ದು. ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಹಬೆ ಕೊಡುತ್ತಿದ್ದ. ಫೋನು ಹೊಡೆದಾಗ ಅವನೇ ಕಣ್ಣು ಮಿಟುಕಿಸುತ್ತಿದ್ದ, ಆಗ ನಾನು ಸಾಕು ಎನ್ನುತ್ತಿದ್ದೆ. ನಿಮ್ಮ ಮಾವನ ಮೀಸೆ ಉಳಿಯುತ್ತಿತ್ತು.

"ಡಾಕ್ಟರ ಹತ್ತಿರ ಹೋಗೋಣ ಅಂತ ದಿನಾ ಪೀಡಿಸ್ತಾ ಇದ್ದ" ಎಂದರು. "ಮುಂದಿನ ವಾರ ಅಂತಿದ್ದೆ. ಪ್ರತಿ ವಾರ ಅಂತಿದ್ದೆ. ನೀನು ಈ ಮಾತನ್ನ ಯಾರ ಮುಂದೂ ಎತ್ತಬೇಡ."

"ಎತ್ತುತ್ತೀನಿ ಅತ್ತೆ" ಎಂದಳು ಸೊಸೆ.

ಎತ್ತಿದ್ದು ರಾತ್ರಿ ಊಟದ ಹೊತ್ತಿಗೆ. ದೊಡ್ಡಕ್ಕನೂ ಇದ್ದಳು. ಅತ್ತೆ ತಟ್ಟೆಯಲ್ಲಿ ಗಂಜಿ ಕಲಕುತ್ತಿದ್ದರು, ಉಣ್ಣುತ್ತಿರಲಿಲ್ಲ. ಸೊಸೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು, ಏರಿಳಿತವಿಲ್ಲದ ದನಿಯಲ್ಲಿ. ಹಬೆ ಡಬ್ಬಿ, ಅಲಾರಂ, ಹಳಸಿದ ಹಾಲು, ಎಡಗಿವಿ, ಮೈಯೆಲ್ಲ ಸುತ್ತುವ ಕೀಲುನೋವು, ಕರವಸ್ತ್ರ, ರವಿಕೆಯ ಹೊಲಿಗೆ. ಇದೆಲ್ಲ ಒಂದೇ ಕಾಯಿಲೆ ಇರಬಹುದು, ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದಳು.

ಮಾವ ಹೆಂಡತಿಯನ್ನೇ ನೋಡುತ್ತ ಕೂತರು. ಮೀಸೆ ಸವರಿಕೊಳ್ಳಲು ಎತ್ತಿದ ಕೈ ಅರ್ಧದಲ್ಲೇ ಇಳಿಯಿತು. ದೊಡ್ಡಕ್ಕ ಮಾತ್ರ ಸಿಡಿದಳು.

"ನೀನು ಓದಿದ್ದು ಇತಿಹಾಸ ತಾನೇ? ಡಾಕ್ಟರಿಕೆ ಯಾವಾಗ ಓದಿದೆ?"

"ಓದಿಲ್ಲ."

"ಮತ್ತೆ? ಹೊಟ್ಟೇಲಿ ಹುಟ್ಟಿದವನು ಹೋಗಿದ್ದಾನೆ, ಅಮ್ಮ ಬೆಂದು ಹೋಗ್ತಾ ಇದ್ದಾಳೆ. ಅದಕ್ಕೆ ರೋಗ ಅಂತ ಹೆಸರಿಡ್ತೀಯಲ್ಲ. ನಿನಗೆ ಬರದೇ ಇರೋ ಅಳು ನಮ್ಮಮ್ಮನಿಗೆ ಬಂದ್ರೆ ಅದು ಕಾಯಿಲೇನಾ?"

ಸೊಸೆ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು.

"ಮೇಷ್ಟ್ರ ಹತ್ತಿರ ಡಬ್ಬಿ ತರುವಾಗ ನಿಮ್ಮ ತಮ್ಮ ಬದುಕಿದ್ರು ಅಕ್ಕ" ಎಂದಳು. "ಆಗ ಯಾವ ದುಃಖಕ್ಕೆ ಅತ್ತೆ ಮೂಗು ಕಟ್ಟಿತ್ತು?"

ಉತ್ತರ ಕೊಟ್ಟವರು ಅತ್ತೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತಾವು ಎಲ್ಲಿಗೂ ಬರುವುದಿಲ್ಲ ಎಂದರು. ನಾಲ್ಕು ಜನ ಬಂದು, ಮಗ ಹೋದ ಮೇಲೆ ಇವಳು ಆಸ್ಪತ್ರೆ ಸುತ್ತಿ ಮೈ ಗಟ್ಟಿ ಮಾಡಿಕೊಂಡಳು ಎನ್ನುವುದು ತಮಗೆ ಬೇಡ.

"ನನ್ನ ಮಗನಿಗೆ ನಾನು ಅಳಬಾರದಾ? ಅದಕ್ಕೂ ಮಾತ್ರೆ ನುಂಗಿಸ್ತೀಯಾ?"

"ಅಳಿ ಅತ್ತೆ. ಎಷ್ಟು ಬೇಕೋ ಅಷ್ಟು ಅಳಿ. ಮೂಗು ಸರಿಮಾಡ್ಕೊಂಡು ಅಳಿ."

ಮಾವನ ಗಂಟಲಿನಿಂದ ಒಂದು ಸದ್ದು ಹೊರಟಿತು. ನಗೆಯೋ ಬಿಕ್ಕೋ ಅವರಿಗೇ ತಿಳಿಯಲಿಲ್ಲ. ಎದ್ದು ಕೈ ತೊಳೆಯಲು ಹೋದರು.

ಬೆಳಗಾಯಿತು. ಬ್ರೆಡ್ಡು ಬೆಂದು ಸಿದ್ಧವಾಯಿತು. ಅಂಗಡಿಯ ಶಟರು ಮಾತ್ರ ಏಳಲಿಲ್ಲ. ಬೀಗದ ಕೈ ಸೊಸೆಯ ಮುಷ್ಟಿಯಲ್ಲಿತ್ತು. ಅವಳು ಶಟರಿಗೆ ಒರಗಿ, ಒಳಗಡೆ, ಬ್ರೆಡ್ಡಿನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಹೊರಗೆ ಗಿರಾಕಿಗಳು ಕೂಡತೊಡಗಿದರು. ಯಾರೋ ನಾಣ್ಯದಿಂದ ಶಟರು ತಟ್ಟಿದರು. ಮಾವ ಬಂದು ಕೇಳಿದರು, ಗದರಿದರು, ಆಮೇಲೆ ಪ್ರೊಫೆಸರಮ್ಮ ಎಂದೂ ಕರೆದು ನೋಡಿದರು. ಅತ್ತೆ ಆಸ್ಪತ್ರೆಗೆ ಬರುವವರೆಗೂ ಎತ್ತುವುದಿಲ್ಲ ಎಂದಳು. ಆ ಅಂಗಡಿ ಅವಳ ಗಂಡ ಸತ್ತಾಗ ಬಿಟ್ಟರೆ ಎಂದೂ ಮುಚ್ಚಿರಲಿಲ್ಲ.

ಕೊನೆಗೆ ಅತ್ತೆಯೇ ಬಂದರು, ಒಂದು ಕಾಲನ್ನು ಸ್ವಲ್ಪ ಎಳೆದುಕೊಂಡು.

"ಎತ್ತೇ ಶಟರು. ಜನ ಹಸಿದು ನಿಂತಿದ್ದಾರೆ."

"ಬರ್ತೀರಾ?"

"ಬರಲ್ಲ."

"ಹಾಗಾದ್ರೆ ನಿಲ್ಲಲಿ."

ಅತ್ತೆ ಬೀಗದ ಕೈ ಕಿತ್ತುಕೊಳ್ಳಲು ಬಗ್ಗಿದರು. ಬಗ್ಗಿದವರು ಹಾಗೇ ಮುಗ್ಗರಿಸಿ ಪೆಟ್ಟಿಗೆಯ ಅಂಚು ಹಿಡಿದುಕೊಂಡರು. ಸೊಸೆ ಅವರನ್ನು ಹಿಡಿದು ಕೂರಿಸಿದಳು. ಬಟ್ಟೆ ಮೇಲೆ ಸರಿದು ಕಣಕಾಲು ಕಂಡಿತು. ಅದರ ಮೇಲೆ ನೇರಳೆ ಬಣ್ಣದ ಚುಕ್ಕೆಗಳು, ಎಲ್ಲಿಂದಲೋ ಚಿಮುಕಿಸಿದ ಹಾಗೆ. ದೊಡ್ಡಕ್ಕ ಅಷ್ಟು ದಿನ ಎಣ್ಣೆ ತಿಕ್ಕಿದ ಕಾಲು. ಅವಳು ಆಗಷ್ಟೇ ಹಿತ್ತಿಲ ಬಾಗಿಲಿನಿಂದ ಬಂದು ಹಿಂದೆ ನಿಂತಿದ್ದಳು.

"ಇದೇನಮ್ಮ ಇದು? ಮೊನ್ನೆ ಇರಲಿಲ್ಲ" ಎಂದಳು. ಅವಳ ದನಿಯಲ್ಲಿ ಮೊದಲ ಸಲ ಕೋಪ ಇರಲಿಲ್ಲ. ಹೋಗಿ ತೋರಿಸೋಣಮ್ಮ ಎಂದಳು.

ಅತ್ತೆ ಶಟರಿನಾಚೆಯ ಗದ್ದಲ ಕೇಳಿಸಿಕೊಳ್ಳುವವರಂತೆ ಬಲಗಿವಿಯನ್ನು ಆ ಕಡೆ ತಿರುಗಿಸಿದರು.

"ಮೊದಲು ಬ್ರೆಡ್ಡು ಕೊಡು. ಆಮೇಲೆ ನಿನ್ನ ಆಸ್ಪತ್ರೆಗೆ ಬರ್ತೀನಿ. ಹಸಿದವರನ್ನ ನಿಲ್ಲಿಸಿ ಗೆದ್ದೆ ಅಂತ ಮೆರೀಬೇಡ."

ಸೊಸೆ ಶಟರು ಎತ್ತಿದಳು.

ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಮೂಗನ್ನು ನೋಡಿ, ಒಳಗೆಲ್ಲ ಹಕ್ಕಳೆ ಕಟ್ಟಿದೆ ಎಂದರು. ಮೂಗು ಬಿಟ್ಟು ಬೇರೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಇಲ್ಲ ಎಂದರು ಅತ್ತೆ. ಯಾವಾಗಿನಿಂದ ಎಂದು ಕೇಳಿದರು. ಮಗ ಹೋದಾಗಿನಿಂದ ಎಂದರು ಮಾವ, ಬಾಯಿಪಾಠದಂತೆ.

"ಅಲ್ಲ" ಎಂದಳು ಸೊಸೆ. "ಅದಕ್ಕೂ ಎಷ್ಟೋ ಮುಂಚೆಯಿಂದ."

ಅವಳು ಹೇಳುತ್ತ ಹೋದಳು. ಈ ಸಲ ನಡುನಡುವೆ ಬೇರೆಯವರೂ ಸೇರಿಕೊಂಡರು. ನೋವು ಯಾವ ಕೀಲಿನಿಂದ ಯಾವ ಕೀಲಿಗೆ ಹೋಯಿತೆಂದು ದೊಡ್ಡಕ್ಕ ಹೇಳಿದಳು. ಎಡಗಿವಿ ಕೇಳಿಸುವುದಿಲ್ಲವೆಂದು ಮಾವ ತಲೆ ತಗ್ಗಿಸಿ ಒಪ್ಪಿಕೊಂಡರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, ಮೊದಲು ಮೂತ್ರ ಪರೀಕ್ಷೆ ಆಗಲಿ, ಇವತ್ತೇ ಎಂದರು.

"ಮೂಗು ಕಟ್ಟಿದ್ದಕ್ಕೆ ಮೂತ್ರ ನೋಡ್ತೀರಾ?" ಎಂದರು ಮಾವ.

"ಬರೀ ಮೂಗಾಗಿದ್ರೆ ನೋಡ್ತಿರಲಿಲ್ಲ ಯಜಮಾನ್ರೇ. ಮೂಗು, ಕಿವಿ, ಕೀಲು, ಚರ್ಮ, ಜ್ವರ, ಎಲ್ಲ ಒಟ್ಟಿಗೆ ಬಂದಿದೆಯಲ್ಲ. ಒಂದೊಂದನ್ನೇ ನೋಡಿದ್ರೆ ಒಂದೊಂದೂ ಸಣ್ಣದೇ. ಒಟ್ಟಿಗೆ ಬಂದಾಗ ಮೂತ್ರಪಿಂಡ ಏನು ಹೇಳುತ್ತೆ ಅಂತ ಕೇಳಲೇಬೇಕು."

ಮೂತ್ರಪಿಂಡ ಒಳ್ಳೆಯ ಮಾತು ಹೇಳಲಿಲ್ಲ. ಕಣ್ಣಿಗೆ ಕಾಣದ ರಕ್ತ ಮೂತ್ರದಲ್ಲಿ ಹೋಗುತ್ತಿತ್ತು. ಅತ್ತೆಯನ್ನು ಅಂದೇ ಸೇರಿಸಿಕೊಂಡರು. ರಕ್ತ ತೆಗೆದರು, ಎದೆಯ ಚಿತ್ರ ತೆಗೆದರು, ಮೂಗಿನೊಳಗಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಲ್ಲ ಬಂದ ಮೇಲೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಮೈಯ ಸಣ್ಣ ಸಣ್ಣ ರಕ್ತನಾಳಗಳಲ್ಲಿ ಉರಿಯೂತ. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿಬಿದ್ದಿದೆ. ಮೂಗಿನಲ್ಲಿ ಶುರುವಾಗುವುದು ಇದರ ರೂಢಿ, ಅದಕ್ಕೇ ನೆಗಡಿಯೆಂದು ಎಲ್ಲರೂ ಮೋಸಹೋಗುತ್ತಾರೆ. ಇದು ಹಿಟ್ಟಿನ ಧೂಳಿನದ್ದೂ ಅಲ್ಲ, ದುಃಖದ್ದೂ ಅಲ್ಲ. ಅಪರೂಪದ್ದು, ಆದರೆ ಔಷಧಿ ಇದೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಕೈಬಿಟ್ಟಿಲ್ಲ. ತಡಮಾಡಿದ್ದರೆ ಕೈಬಿಡುತ್ತಿತ್ತು. ವರ್ಷಗಟ್ಟಲೆ ಎಚ್ಚರದಿಂದ ಇರಬೇಕು.

ಮಾವ ವರಾಂಡಾಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು.

ಆ ಮಧ್ಯಾಹ್ನ ಸೊಸೆ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ, ಬಲಗಿವಿಯ ಕಡೆಗೆ, ಕೂತಿದ್ದಳು. ಅತ್ತೆಯ ಕೈಗೆ ಔಷಧಿಯ ನಳಿಕೆ ಚುಚ್ಚಿತ್ತು. ಬಹಳ ಹೊತ್ತು ಅವರು ಅದರ ಹನಿಗಳನ್ನೇ ನೋಡುತ್ತಿದ್ದರು.

"ಹಾಗಾದ್ರೆ ನಾನು ಅತ್ತಿದ್ದೆಲ್ಲ ರೋಗಾನಾ?" ಎಂದು ಕೇಳಿದರು.

"ಅಲ್ಲ ಅತ್ತೆ. ರೋಗ ರೋಗವೇ. ಅತ್ತಿದ್ದು ಅತ್ತಿದ್ದೇ."

"ನೀನು ಯಾಕೆ ಅಳಲ್ಲ?"

"ಗೊತ್ತಿಲ್ಲ."

ಅತ್ತೆ ಖಾಲಿ ಇದ್ದ ಕೈಯಿಂದ ಅವಳ ಮೊಣಕೈಯನ್ನು ಹಿಡಿದುಕೊಂಡರು. ಬ್ರೆಡ್ಡಿನ ಟ್ರೇ ಹಿಡಿದು ಹಿಡಿದು ಒರಟಾದ ಕೈ.

"ಅಳಬೇಡ ಬಿಡು. ಎಲ್ಲರೂ ನಿನ್ನ ಕಣ್ಣನ್ನೇ ಕಾಯ್ತಾ ಕೂತಿದ್ದಾರೆ. ಕಾಯಲಿ."

ಅತ್ತೆ ಮನೆಗೆ ಬಂದಾಗ ಔಷಧಿಗೆ ಮುಖ ಚಂದ್ರನಂತೆ ಊದಿಕೊಂಡಿತ್ತು. ಮಗ ಸತ್ತರೂ ಮೈ ತುಂಬಿಕೊಂಡಳು ಎಂದು ಒಬ್ಬಾಕೆ ಅಂಗಡಿಯಲ್ಲಿ ಮಾತು ತೆಗೆದಳು. ಸೊಸೆ ಉತ್ತರ ಕೊಡುವ ಮೊದಲೇ, ಬನ್ನು ಎಣಿಸುತ್ತಿದ್ದ ದೊಡ್ಡಕ್ಕ, ನಿಮಗೂ ಆ ಔಷಧಿ ಬೇಕಾದರೆ ಹೇಳಿ, ಮೊದಲು ಮೂತ್ರದಲ್ಲಿ ರಕ್ತ ಬರಬೇಕು ಎಂದಳು. ಆಕೆ ಚಿಲ್ಲರೆ ಬಿಟ್ಟು ನಡೆದಳು. ದೊಡ್ಡಕ್ಕ ತನ್ನ ತಪ್ಪಾಯಿತೆಂದು ಎಂದೂ ಹೇಳಲಿಲ್ಲ. ದಿನಾ ಉಪ್ಪು ಕಡಿಮೆ ಹಾಕಿದ ಅಡುಗೆ ಮಾಡಿ ತಂದು, ಇದನ್ನು ಮನುಷ್ಯರು ತಿನ್ನುತ್ತಾರೆಯೇ ಎಂದು ಗೊಣಗುತ್ತ ಅಮ್ಮನಿಗೂ ತಮ್ಮನ ಹೆಂಡತಿಗೂ ಬಡಿಸಿ ಹೋಗುತ್ತಿದ್ದಳು.

ಹಿಟ್ಟಿನ ಹತ್ತಿರ ಹೋಗಬಾರದೆಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ಮಲಗಿರಲು ಒಪ್ಪಲಿಲ್ಲ. ಒಲೆಮನೆಗೂ ಅಡುಗೆಮನೆಗೂ ನಡುವಿನ ಕಿಟಕಿಯ ಈಚೆ ಕುರ್ಚಿ ಹಾಕಿಸಿಕೊಂಡು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಲ್ಲಿಂದಲೇ ಹುಕುಂ ಹೊರಡಿಸುತ್ತಿದ್ದರು. ಒಲೆಯ ಮುಂದೆ ಈಗ ಸೊಸೆ. ನಾದಿದ ಹಿಟ್ಟು ಅವಳ ಕೈಯಲ್ಲಿ ಮೊದಮೊದಲು ಕಲ್ಲಾಗುತ್ತಿತ್ತು. ಕೆನ್ನೆ ಮುಟ್ಟಿದ ಹಾಗಿರಬೇಕು, ಯಾರ ಕಪಾಳಕ್ಕೋ ಹೊಡೆದ ಹಾಗಲ್ಲ ಎಂದು ಕಿಟಕಿಯಿಂದ ಬೈಗುಳ ಬರುತ್ತಿತ್ತು. ಬ್ರೆಡ್ಡು ಬೇಯುವ ಲೆಕ್ಕ ಸತ್ತವನ ಫೋನು ನೋಡಿಕೊಳ್ಳುತ್ತಿತ್ತು. ಮಾವನಿಗೆ ಎಲ್ಲ ಗೊತ್ತಾಗಿತ್ತು. ಗೋಡೆಗೆ ಗಡಿಯಾರ ತರಲೇ ಎಂದು ಒಮ್ಮೆ ಕೇಳಿದರು. ಬೇಡ ಎಂದರು ಅತ್ತೆಯೂ ಸೊಸೆಯೂ, ಒಟ್ಟಿಗೆ.

ಹಬೆ ಡಬ್ಬಿಯನ್ನು ವಾಪಸು ಕೊಡಬಾರದೇ, ಮೇಷ್ಟ್ರು ಕೆಮ್ಮುತ್ತಿದ್ದಾರೆ ಎಂದು ದೊಡ್ಡಕ್ಕ ಎರಡು ಸಲ ಹೇಳಿದಳು. ಸೊಸೆ ಮೇಷ್ಟ್ರಿಗೆ ದಿನಾ ಫ್ಲಾಸ್ಕಿನಲ್ಲಿ ಬಿಸಿನೀರು ಕಳಿಸಿದಳು, ಡಬ್ಬಿ ಕಳಿಸಲಿಲ್ಲ.

ಮತ್ತೆ ಚಳಿ ಶುರುವಾಗಿತ್ತು. ಒಂದು ಬೆಳಗಿನ ಜಾವ ಟ್ರೇಗಳನ್ನು ಒಳಗೆ ತಳ್ಳಿ, ಸೊಸೆ ಮೇಜು ಒರೆಸುತ್ತಿದ್ದಳು. ಕಿಟಕಿಯಾಚೆ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಹತ್ತಿದವರಂತೆ. ಅವರ ಕೈ ಮೆಲ್ಲಗೆ ಮೇಲೆ ಹೋಗಿ ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆಯಿತು.

"ಸಾಕು" ಎಂದರು.

ಸೊಸೆ ಫೋನಿನ ಕಡೆ ನೋಡಿದಳು. ಅದು ಸುಮ್ಮನಿತ್ತು.

"ಸಾಕು ಅಂದೆನಲ್ಲ. ಕಿವಿ ಹೋಗಿದ್ದು ನನ್ನದಾ ನಿನ್ನದಾ? ತೆಗಿಯೇ."

ಅವಳು ಬಾಗಿಲು ತೆರೆದು ಎಳೆದಳು. ಬ್ರೆಡ್ಡು ಹೊರಗೆ ಬಂದು ಹಲಗೆಯ ಮೇಲೆ ಕೂತ ಮೇಲೆ, ಫೋನು ಹೊಡೆದುಕೊಂಡಿತು. ಇಬ್ಬರೂ ಅದನ್ನು ಹೊಡೆದುಕೊಳ್ಳಲು ಬಿಟ್ಟರು. ತಾನಾಗಿ ಸುಮ್ಮನಾಯಿತು.

ಬೆಳಕು ಹರಿದ ಮೇಲೆ ಸೊಸೆ ಡಬ್ಬಿಯನ್ನು ಗೋಣಿತಾಟಿನಿಂದ ಬಿಚ್ಚಿ, ತಳದ ಬಿಳಿ ಕರೆಯನ್ನು ಉಜ್ಜಿ ತೊಳೆದು, ಒರೆಸಿದಳು. ಒಂದು ಬಿಸಿ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಂಡಳು. ಹಿಂದಿನ ಗಲ್ಲಿಯಲ್ಲಿ ಮೇಷ್ಟ್ರು ಬಾಗಿಲು ತೆರೆದು, ಡಬ್ಬಿಯನ್ನು ನೋಡಿ, ಆಮೇಲೆ ಅವಳ ಮುಖ ನೋಡಿದರು. ಒಳಗೆ ಯಾವುದೋ ಮಗು ಒಂದೇ ಸ್ವರವನ್ನು ಹಿಡಿದುಕೊಂಡು ಎಳೆಯುತ್ತಿತ್ತು.

"ತಂದುಕೊಡ್ತೀನಿ ಅಂದಿದ್ರು" ಎಂದಳು. "ತಂದಿದ್ದೀನಿ."